ರೂಸೋ ಓದಿದ ಊರಲ್ಲೇ ಹುಟ್ಟಿದ ವಿರೋಧಿ

ಆಲ್ಪ್ಸ್ ಪರ್ವತದ ಮಡಿಲಿನ ಶಾಂಬೆರಿ ಇಂದು ಫ್ರಾನ್ಸಿನ ನಗರ. ಹದಿನೆಂಟನೇ ಶತಮಾನದಲ್ಲಿ ಹಾಗಿರಲಿಲ್ಲ. ಟುರಿನ್‌ನಿಂದ ಆಳುತ್ತಿದ್ದ ಸಾರ್ಡೀನಿಯಾ ದೊರೆಯ ಸವೊಯ್ ಸೀಮೆಗೆ ಅದು ಮುಖ್ಯ ಪಟ್ಟಣ. 1731ರಲ್ಲಿ ಜಿನೀವಾದ ತರುಣನೊಬ್ಬ ಅಲ್ಲಿನ ಭೂಮಾಪನ ಕಚೇರಿಗೆ ಗುಮಾಸ್ತನಾಗಿ ಸೇರಿದ. ಕೆಲವೇ ತಿಂಗಳಲ್ಲಿ ಬೇಸತ್ತು, ಕೆಲಸ ಬಿಟ್ಟು ಸಂಗೀತ ಪಾಠ ಹೇಳತೊಡಗಿದ. ಮದಾಮ್ ದ ವಾರೆನ್ಸ್ ಎಂಬಾಕೆಯ ಆಸರೆಯಲ್ಲಿ, ಊರಾಚೆಯ ಲೆ ಶಾರ್ಮೆಟ್ ಎಂಬ ತೋಟದ ಮನೆಯಲ್ಲಿ ಸಿಕ್ಕ ಪುಸ್ತಕಗಳನ್ನೆಲ್ಲ ಓದಿದ. ಅವನೇ ಜಾನ್ ಜಾಕ್ ರೂಸೋ.

ಅದೇ ಊರಲ್ಲಿ, 1753ರ ಏಪ್ರಿಲ್ 1ರಂದು, ಜೋಸೆಫ್ ದ ಮೆಸ್ತ್ರ ಹುಟ್ಟಿದ.

ಮನುಷ್ಯ ಸ್ವಭಾವತಃ ಒಳ್ಳೆಯವನು, ಅವನನ್ನು ಕೆಡಿಸಿದ್ದು ಸಮಾಜ ಎಂಬುದು ರೂಸೋನ ನಂಬಿಕೆ. 1762ರಲ್ಲಿ ಬಂದ ‘ಸಾಮಾಜಿಕ ಒಪ್ಪಂದ’ದಲ್ಲಿ ಪರಮಾಧಿಕಾರ ಜನರದ್ದೇ, ಅದನ್ನು ಬೇರೆಯವರಿಗೆ ಬಿಟ್ಟುಕೊಡಲು ಬರುವುದಿಲ್ಲ ಎಂದು ಸಾರಿದ. ಆ ಪುಸ್ತಕವನ್ನೂ ಅವನದೇ ‘ಎಮಿಲ್’ ಅನ್ನೂ ಜಿನೀವಾದ ಆಡಳಿತ ಬೆಂಕಿಗೆ ಹಾಕಿಸಿತು. ಮೆಸ್ತ್ರ ಆಗ ಒಂಬತ್ತು ವರ್ಷದ ಹುಡುಗ. ಮುಂದೆ ಅವನು ಕಾನೂನು ಓದಿ, ತಂದೆಯ ದಾರಿಯಲ್ಲೇ ನಡೆದು, ಸವೊಯ್‌ನ ಉಚ್ಚ ನ್ಯಾಯಾಲಯವಾಗಿದ್ದ ಸೆನೆಟ್‌ನಲ್ಲಿ ಸದಸ್ಯನಾದ.

1792ರ ಸೆಪ್ಟೆಂಬರಿನಲ್ಲಿ ಫ್ರೆಂಚ್ ಕ್ರಾಂತಿಯ ಸೇನೆ ಸವೊಯ್‌ಗೆ ನುಗ್ಗಿತು. ಮರುತಿಂಗಳು ಊರೂರುಗಳ ಪ್ರತಿನಿಧಿಗಳು ಶಾಂಬೆರಿಯ ಚರ್ಚಿನಲ್ಲಿ ಸಭೆ ಸೇರಿ, ನಾವು ಫ್ರಾನ್ಸಿಗೆ ಸೇರುತ್ತೇವೆಂದು ನಿರ್ಣಯಿಸಿದರು. ಜನರ ಇಚ್ಛೆ ಎಂಬ ಮಾತು ಪುಸ್ತಕದಿಂದ ಇಳಿದು ಮೆಸ್ತ್ರನ ಮನೆಬಾಗಿಲಿಗೆ ಬಂದಿತ್ತು. ಹೊಸ ಆಡಳಿತ ಅವನ ಆಸ್ತಿ ಮುಟ್ಟುಗೋಲು ಹಾಕಿಕೊಂಡಿತು. 1793ರ ಆರಂಭದಲ್ಲಿ, ಆಗತಾನೆ ಹುಟ್ಟಿದ ಮಗಳು ಕಾನ್‌ಸ್ಟನ್ಸ್‌ಳನ್ನು ಬಿಟ್ಟು ಅವನು ಸ್ವಿಟ್ಜರ್ಲೆಂಡಿನ ಲೊಸಾನ್ ಸೇರಿದ. ಆ ಮಗಳ ಮುಖ ಅವನು ಕಂಡದ್ದು 1814ರಲ್ಲಿ, ರಷ್ಯಾದ ಪೀಟರ್ಸ್‌ಬರ್ಗಿನಲ್ಲಿ ತನ್ನ ದೊರೆಯ ರಾಯಭಾರಿಯಾಗಿದ್ದಾಗ.

1794ರ ಅಕ್ಟೋಬರಿನಲ್ಲಿ ಪ್ಯಾರಿಸ್ ನಗರ ರೂಸೋನ ಅವಶೇಷಗಳನ್ನು ಮೆರವಣಿಗೆಯಲ್ಲಿ ಒಯ್ದು ಪ್ಯಾಂಥಿಯಾನ್‌ನಲ್ಲಿ ಇರಿಸಿತು. ಹೆಚ್ಚುಕಡಿಮೆ ಆ ದಿನಗಳಲ್ಲೇ ಲೊಸಾನ್‌ನಲ್ಲಿ ಮೆಸ್ತ್ರ, ರೂಸೋನ ಎರಡೂ ನಂಬಿಕೆಗಳಿಗೆ ಉತ್ತರ ಬರೆಯುತ್ತಿದ್ದ. ಒಂದು ಪ್ರಬಂಧ ಪ್ರಜಾ ಪರಮಾಧಿಕಾರದ ಮೇಲೆ, ಇನ್ನೊಂದು ಮನುಷ್ಯನ ಆದಿಸ್ಥಿತಿಯ ಮೇಲೆ.

ಜನರೇ ಸಾರ್ವಭೌಮರು ಎನ್ನುತ್ತೀರಿ, ಯಾರ ಮೇಲೆ ಎಂದು ಅವನು ಕೇಳಿದ. ತಮ್ಮ ಮೇಲೆ ತಾವೇ ಎಂದಾದರೆ ಅವರು ಆಳಿಸಿಕೊಳ್ಳುವವರೂ ಹೌದು. ಹಾಗಿದ್ದ ಮೇಲೆ ಆಜ್ಞೆ ಹೊರಡಿಸುವವರು ಯಾರು? ಒಪ್ಪಂದಕ್ಕೆ ಕೂರಬೇಕಾದರೆ ಮೊದಲು ‘ಜನ’ ಎಂಬ ಒಂದು ಕೂಟ ಇರಬೇಕಲ್ಲ, ಅದನ್ನು ಕೂಡಿಸಿದ್ದು ಯಾವ ಒಪ್ಪಂದ? ಸಮಾಜಕ್ಕೂ ಮೊದಲಿನ ಒಂಟಿ ಮನುಷ್ಯ ಅವನಿಗೆ ಬರೀ ಕಲ್ಪನೆ. ಸಮಾಜ ಮೊದಲೋ ಭಾಷೆ ಮೊದಲೋ ಎಂಬ ತೊಡಕು ತನ್ನಿಂದ ಬಿಡಿಸಲಾಗದ್ದು ಎಂದು ರೂಸೋನೇ 1755ರಷ್ಟು ಹಿಂದೆ ಒಪ್ಪಿಕೊಂಡಿದ್ದ. ಇನ್ನು ಒಳ್ಳೆಯತನದ ಮಾತು. ಮನುಷ್ಯನ ಬುದ್ಧಿಗೆ ನ್ಯಾಯ ತಿಳಿಯುತ್ತದೆ, ಆದರೆ ಅವನ ಇಚ್ಛೆ ಕೆಟ್ಟಿದೆ. ಆದ್ದರಿಂದಲೇ ಅವನಿಗೆ ಆಳುವವರು ಬೇಕು ಎಂಬುದು ಮೆಸ್ತ್ರನ ವಾದ. ಅದರ ಬೇರು ಕ್ರೈಸ್ತರ ಮೂಲಪಾಪದ ನಂಬಿಕೆಯಲ್ಲಿತ್ತು.

ವಾದ ಎಡವುವುದೂ ಇಲ್ಲಿಯೇ. ಇಚ್ಛೆ ಕೆಟ್ಟ ಮನುಷ್ಯನನ್ನು ಆಳುವ ದೊರೆಯೂ ಮನುಷ್ಯನೇ ತಾನೆ? 1819ರಲ್ಲಿ ಬಂದ ‘ಪೋಪ್ ಕುರಿತು’ ಪುಸ್ತಕದಲ್ಲಿ ಅವನು ದೊರೆಗಳ ಮೇಲೆ ಪೋಪನನ್ನು ಕೂರಿಸಿದ. ಆದರೆ ಆ ಪೀಠದಲ್ಲಿ ಕೂರುವವನೂ ಮನುಷ್ಯನೇ.

ಇಷ್ಟಾದರೂ ಅವನ ಪ್ರಶ್ನೆಗಳ ಮೊನೆ ಮೊಂಡಾಗಿಲ್ಲ. ಓದುಗರು ಅವನನ್ನು ನೆನೆಯುವುದು ಮಾತ್ರ 1821ರಲ್ಲಿ, ಅವನು ತೀರಿಕೊಂಡ ಮೇಲೆ ಬಂದ ‘ಪೀಟರ್ಸ್‌ಬರ್ಗ್ ಸಂವಾದಗಳು’ ಪುಸ್ತಕದ ಗಲ್ಲಿಗೇರಿಸುವವನ ಚಿತ್ರದಿಂದ. 1990ರಲ್ಲಿ ಪ್ರಕಟವಾದ ಚಿಂತಕ ಐಸಯ್ಯ ಬರ್ಲಿನ್‌ರ ಪ್ರಬಂಧ ಅವನಲ್ಲಿ ಫ್ಯಾಸಿಸಂನ ಮುನ್ಸೂಚನೆ ಕಂಡಿತು. ಆ ಹಣೆಪಟ್ಟಿ ಅಂಟಿಕೊಂಡೇ ಉಳಿಯಿತು. ಅಸ್ತ್ರದ ಬಲದಲ್ಲಿ ಬಂದವರು ಕೇಳಿದಾಗ ಜನ ಕೊಡುವ ಉತ್ತರ ಎಷ್ಟು ಸ್ವತಂತ್ರ ಎಂದು ಊರು ಕಳೆದುಕೊಂಡು ಚಿಂತಿಸಿದ ಮೆಸ್ತ್ರ ಆ ಪಟ್ಟಿಯ ಕೆಳಗೆ ಮುಚ್ಚಿಹೋದದ್ದು ದೊಡ್ಡ ನಷ್ಟ. ಪ್ರಜಾಪ್ರಭುತ್ವವನ್ನು ಪ್ರೀತಿಸುವವರೇ ಅವನನ್ನು ಮೊದಲು ಓದಬೇಕಿತ್ತು.

ನೆಪೋಲಿಯನ್ ಸೋತ ಮೇಲೆ ಸವೊಯ್ ಹಳೆಯ ದೊರೆಗೆ ಮರಳಿತು, ಆದರೆ ಉಳಿಯಲಿಲ್ಲ. 1860ರ ಮಾರ್ಚ್ 24ರಂದು ಫ್ರಾನ್ಸಿನ ಚಕ್ರವರ್ತಿ ಮೂರನೇ ನೆಪೋಲಿಯನ್ ಮತ್ತು ಸಾರ್ಡೀನಿಯಾದ ದೊರೆ ವಿಕ್ಟರ್ ಇಮ್ಯಾನುಯೆಲ್ ನಡುವಿನ ಒಪ್ಪಂದಕ್ಕೆ ಸಹಿ ಬಿತ್ತು: ಸವೊಯ್ ಫ್ರಾನ್ಸಿಗೆ. ಜನರನ್ನು ಕೇಳಿದ್ದು ಆ ಬಳಿಕ, ಏಪ್ರಿಲ್ 22 ಮತ್ತು 23ರಂದು. ಹೌದು ಎಂದವರು 1 ಲಕ್ಷ 30 ಸಾವಿರಕ್ಕೂ ಹೆಚ್ಚು, ಬೇಡ ಎಂದವರು 235.

ಲೊಸಾನ್‌ನಲ್ಲಿ ಅರ್ಧಕ್ಕೆ ನಿಂತಿದ್ದ ಆ ಎರಡು ಪ್ರಬಂಧಗಳನ್ನು ಮೊಮ್ಮಗ ಶಾರ್ಲ್ ದ ಮೆಸ್ತ್ರ ಅಚ್ಚು ಹಾಕಿಸಿದ್ದು 1870ರಲ್ಲಿ. ಆ ಹೊತ್ತಿಗೆ ಶಾಂಬೆರಿ ಫ್ರಾನ್ಸಿನದಾಗಿ ಹತ್ತು ವರ್ಷ ಕಳೆದಿತ್ತು.