ಅರ್ಜಿಯಲ್ಲಿ ಖಾಲಿ ಉಳಿದ ಸಾಲು

ಕಾಲೇಜಿನ ಪ್ರವೇಶದ ದಿನಗಳಲ್ಲಿ ಅರ್ಜಿಗಳನ್ನು ಪರಿಶೀಲಿಸುವ ಕೆಲಸ ನಮ್ಮಂಥ ಅಧ್ಯಾಪಕರ ಪಾಲಿಗೆ ಬರುತ್ತದೆ. ಒಂದು ವರ್ಷ, ಜಗಳೂರಿನ ಕಡೆಯ ಹುಡುಗಿಯೊಬ್ಬಳು ತಂದ ಅರ್ಜಿಯಲ್ಲಿ ಎಲ್ಲವನ್ನೂ ದುಂಡಾದ ಅಕ್ಷರಗಳಲ್ಲಿ ತುಂಬಲಾಗಿತ್ತು. 'ತಂದೆಯ ಹೆಸರು' ಎಂಬ ಸಾಲು ಮಾತ್ರ ಖಾಲಿ.

"ಬರೆಯಲು ಮರೆತೆಯೇನಮ್ಮಾ?" ಎಂದೆ. ಅವಳು ತಲೆ ತಗ್ಗಿಸಿದಳು.

"ಮರೆತಿಲ್ಲ ಸಾರ್. ಇವಳ ತಾಯಿಗೆ ಮುತ್ತು ಕಟ್ಟಿದ್ದರು" ಎಂದರು, ಜೊತೆಗೆ ಬಂದಿದ್ದ ಸಮಾಜ ಕಾರ್ಯಕರ್ತೆ. ಕೇಳಿದ ನಾನೇ ನಾಚಬೇಕಾಯಿತು.

ದಾವಣಗೆರೆ ಜಿಲ್ಲೆಯಲ್ಲಿ ಚನ್ನಗಿರಿಗೆ ಸೂಳೆಕೆರೆಯಿದೆ. ಹೊನ್ನಾಳಿಗೂ, ಅದರಿಂದ ಬೇರ್ಪಟ್ಟು ತಾಲ್ಲೂಕಾದ ನ್ಯಾಮತಿಗೂ ತುಂಗಭದ್ರೆಯ ಆಸರೆಯಿದೆ. ಜಗಳೂರಿಗೆ ಮಾತ್ರ ಬಹುಕಾಲ ಮಳೆಯೊಂದೇ ಗತಿಯಾಗಿತ್ತು. ಅದರ ನೆರೆಯಲ್ಲೇ, ಭರತ ಹುಣ್ಣಿಮೆಯ ಜಾತ್ರೆಗೆ ಹೆಸರಾದ ಉಚ್ಚಂಗಿದುರ್ಗ. ಬಡ ದಲಿತ ಮನೆಗಳ ಹೆಣ್ಣುಮಕ್ಕಳನ್ನು ದೇವಿಗೆ ಬಿಡುವ ಪದ್ಧತಿ ಬೇರೂರಿದ್ದು ಇಂಥ ಒಣ ಸೀಮೆಯಲ್ಲಿ.

ಕಾನೂನು ಇರಲಿಲ್ಲವೆಂದಲ್ಲ. ಈ ನಾಲ್ಕೂ ತಾಲ್ಲೂಕುಗಳ ನೆಲ ಸೇರಿದ್ದ ಮೈಸೂರು ಸಂಸ್ಥಾನದ ಸರ್ಕಾರ 1909ರಲ್ಲಿಯೇ ಮುಜರಾಯಿ ದೇವಾಲಯಗಳಲ್ಲಿ ದೇವದಾಸಿ ಸೇವೆಯನ್ನು ನಿಲ್ಲಿಸಿತು. ಮದ್ರಾಸಿನಲ್ಲಿ ಡಾ. ಮುತ್ತುಲಕ್ಷ್ಮಿ ರೆಡ್ಡಿಯವರ ದೀರ್ಘ ಪ್ರಯತ್ನದ ಫಲವಾಗಿ 1947ರಲ್ಲಿ ಶಾಸನವಾಯಿತು. ಕರ್ನಾಟಕದ ಶಾಸನ ಬಂದದ್ದು 1982ರಲ್ಲಿ. ಮುತ್ತು ಕಟ್ಟಿದವರಿಗೆ ಮೂರು ವರ್ಷಗಳವರೆಗೆ, ತಂದೆತಾಯಿ ಅಥವಾ ಬಂಧುಗಳೇ ಕಟ್ಟಿಸಿದರೆ ಐದು ವರ್ಷಗಳವರೆಗೆ ಸೆರೆಮನೆ.

ಆದರೆ ಹೆತ್ತವರನ್ನೇ ಜೈಲಿಗೆ ಕಳುಹಿಸುವ ದೂರನ್ನು ಯಾವ ಮಗಳು ಕೊಟ್ಟಾಳು? ಜಾತ್ರೆಯಲ್ಲಿ ನಡೆಯುತ್ತಿದ್ದುದು ಮನೆಯ ಮರೆಗೆ ಸರಿಯಿತು. ಕಾಗದದ ಮೇಲೆ ಪದ್ಧತಿ ಅಳಿದಿತ್ತು, ಕೇರಿಗಳಲ್ಲಿ ಉಳಿದಿತ್ತು. ಈ ಅಂತರವನ್ನು ಕಂಡವರು ಕೇರಿಯಿಂದ ಕೇರಿಗೆ ನಡೆದ ಸಮಾಜ ಕಾರ್ಯಕರ್ತರು, ಮತ್ತು ತಾವೇ ಸಂಘಟಿತರಾದ ಮಾಜಿ ದೇವದಾಸಿಯರು.

1993-94ರ ಗಣತಿಯಲ್ಲಿ ರಾಜ್ಯದಲ್ಲಿ 22,873 ಮಹಿಳೆಯರು ಪತ್ತೆಯಾದರು. 2007-08ರಲ್ಲಿ ಮತ್ತೆ ಎಣಿಸಿದಾಗ ಇನ್ನೂ 23,787 ಮಂದಿ! ಪಟ್ಟಿಗೆ ಸೇರಿದವರಿಗೆ ಮಾಸಾಶನದ ದಾರಿ ತೆರೆಯಿತು. ಸೇರದವರು ಕಚೇರಿಯ ಬಾಗಿಲಲ್ಲೇ ನಿಂತರು. ಅಪರಿಚಿತ ಅಧಿಕಾರಿಯ ಮುಂದೆ ಬಾಯಿಬಿಡದ ಹೆಣ್ಣು ನಂಬಿದ ಅಕ್ಕನ ಮುಂದೆ ಮಾತಾಡುತ್ತಾಳೆ. ಆ ಮಾತನ್ನು ಮನವಿಯಾಗಿ, ಅಂಕಿಯಾಗಿ, ಕರಡು ಶಾಸನವಾಗಿ ವಿಧಾನಸೌಧದವರೆಗೆ ಒಯ್ಯುವುದೇ ಸಮಾಜಸೇವೆಯ ಕಷ್ಟದ ಭಾಗ. ಸೀರೆ ಹಂಚುವುದು ಸುಲಭ. ನಿಯಮ ಬದಲಿಸುವುದಕ್ಕೆ ವರ್ಷಗಳು ಬೇಕು.

ಆ ವರ್ಷಗಳು ವ್ಯರ್ಥವಾಗಲಿಲ್ಲ. 2025ರ ಆಗಸ್ಟಿನಲ್ಲಿ ವಿಧಾನಮಂಡಲ ಹೊಸ ದೇವದಾಸಿ ಮಸೂದೆಯನ್ನು ಅಂಗೀಕರಿಸಿತು. ನಿಷೇಧದ ಜೊತೆಗೆ ಪರಿಹಾರ, ಪುನರ್ವಸತಿಗಳೂ ಅದರಲ್ಲಿ ಸೇರಿದವು. ದೇವದಾಸಿಯರ ಮಕ್ಕಳ ದಾಖಲೆಗಳಲ್ಲಿ ತಂದೆಯ ಹೆಸರು ಕಡ್ಡಾಯವಲ್ಲವೆಂದಾಯಿತು. ತಂದೆಯನ್ನು ಗುರುತಿಸಿ ಹಕ್ಕು ಕೇಳುವ ಮಾರ್ಗವೂ ಅವರಿಗೆ ದೊರೆಯಿತು.

ಶಾಸನವೊಂದರಿಂದಲೇ ಎಲ್ಲವೂ ನೆಟ್ಟಗಾಗುವುದಿಲ್ಲವೆಂಬ ಪಾಠವನ್ನು 1982 ನಮಗೆ ಕಲಿಸಿದೆ. ಅದನ್ನು ಶಾಲೆಯ ಗುಮಾಸ್ತರ ಮೇಜಿನವರೆಗೆ ತಲುಪಿಸಲು ಮತ್ತೆ ಅದೇ ಕಾರ್ಯಕರ್ತೆ ಬಿಸಿಲಿನಲ್ಲಿ ನಡೆಯಬೇಕು. ಮೇಜಿನ ಈಚೆ ಕುಳಿತ ನಮ್ಮಂಥವರೂ ಒಂದಿಷ್ಟು ಕಲಿಯಬೇಕು. ಅಂದು ಆ ಹುಡುಗಿಯ ಅರ್ಜಿಯಲ್ಲಿ ಅವಳ ತಾಯಿಯ ಹೆಸರನ್ನೇ ಬರೆಸಿಕೊಂಡೆ. ಇನ್ನು ಮುಂದೆ ಅರ್ಜಿ ಕೈಗೆ ಬಂದರೆ, ಖಾಲಿ ಸಾಲಿನ ಕಾರಣವನ್ನು ಕೇಳಲಾರೆ.