ಮೊದಲು ನಂಬರು ಓದಿ, ಆಮೇಲೆ ವೈರು ಬಿಚ್ಚಿ



ಮಕ್ತಲ್ ಹತ್ತಿರದ ಒಂದು ಊರು. ನಮ್ಮ ರಾತ್ರಿ ಕಲಿಕೆಗೆ ಬರುವ ಅಣ್ಣ ಒಬ್ಬರು ಕೇಳಿದರು: "ಸರ, ತೀರಿಕೊಂಡ ನಮ್ಮಪ್ಪನ ಎಜ್ಡಿ ಗಾಡಿ ಕೊಟ್ಟಿಗ್ಯಾಗ ನಿಂತದ. ಗುಜರಿಯವ ತೂಕದ ಲೆಕ್ಕದಾಗ ಕೇಳ್ಲಿಕತ್ತಾನ. ಕೊಡ್ಲೇನ್ರಿ?"

"ತಡೀರಿ, ಮೊದಲು ನಂಬರು ಓದೋಣ" ಅಂದೆ.

ಎಜ್ಡಿ ನಮ್ಮ ಮೈಸೂರಿನ ಗಾಡಿ. ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಅಲ್ಲಿ ಜಾವಾ ಗಾಡಿ ಮಾಡಿತು. 1973ರಿಂದ ಎಜ್ಡಿ ಎಂಬ ಹೆಸರು ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಈ ಗಾಡಿಯ ಗುರುತು ಸುಲಭ. ಕಿಕ್ ಹೊಡೆಯುವುದೂ ಗೇರ್ ಹಾಕುವುದೂ ಒಂದೇ ಕಡ್ಡಿಯಿಂದ.

ಆದರೆ ಟ್ಯಾಂಕಿನ ಮೇಲಿನ ಹೆಸರು ನಂಬಬೇಡಿ. ಟ್ಯಾಂಕು ಬದಲಾಗಿರಬಹುದು. ಗಾಡಿಯ ನಿಜವಾದ ಗುರುತು ಎರಡು ನಂಬರು: ಒಂದು ಚಾಸಿ ನಂಬರು, ಇನ್ನೊಂದು ಎಂಜಿನ್ ನಂಬರು. ಮಣ್ಣು, ಜಿಡ್ಡು ಇದ್ದರೆ ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ. ಮೇಲೆ ಸುಣ್ಣದ ಕಡ್ಡಿ ತಿಕ್ಕಿದರೆ ಅಂಕಿ ಎದ್ದು ಕಾಣುತ್ತದೆ. ಉಪ್ಪುಕಾಗದ ಹಾಕಿ ಉಜ್ಜಬೇಡಿ. ನಂಬರು ಅಳಿಸಿದರೆ ಗಾಡಿ ಯಾರದೆಂದು ಹೇಳುವುದೇ ಕಷ್ಟ.

ಅಣ್ಣ ಒಂದೊಂದೇ ಅಂಕಿ ಓದಿದರು. ನಾನು ಆರ್.ಸಿ. ಪುಸ್ತಕ ಹಿಡಿದಿದ್ದೆ. 3 ಅನ್ನು 8 ಎಂದು ಓದಿದರು. ಮತ್ತೆ ಬೆರಳಿಟ್ಟು ನೋಡಿ ತಾವೇ ತಿದ್ದಿಕೊಂಡರು. ಎರಡೂ ನಂಬರು ಕೂಡಿದವು. ಇಸವಿ 1974.

50 ವರ್ಷ ದಾಟಿದ ಗಾಡಿಗೆ ವಿಂಟೇಜ್ ನೋಂದಣಿ ಉಂಟು. ಈ ನಿಯಮ 2021ರಲ್ಲಿ ಬಂತು. ನಂಬರಿನ ನಡುವೆ 'ವಿಎ' ಅಕ್ಷರ ಇರುತ್ತದೆ. ಆ ನಂಬರಿನಲ್ಲಿ ದಿನಾ ಸಂತೆಗೆ ಓಡಿಸುವಂತಿಲ್ಲ. ಯಾವ ನೋಂದಣಿ ಬೇಕಾದರೂ, ತಂದೆಯ ಹೆಸರಿನಿಂದ ಮಗನ ಹೆಸರಿಗೆ ಮಾಡಿಸಲು ಸಾರಿಗೆ ಕಚೇರಿಯಲ್ಲಿ ಫಾರಂ 31 ತುಂಬಬೇಕು.

ಇನ್ನು ವೈರಿಂಗ್. ಇಲ್ಲಿ ಅವಸರ ಬೇಡ. ಇಲಿ ಕಡಿದ ವೈರು ಪೆಟ್ರೋಲ್ ಟ್ಯಾಂಕಿನ ಕೆಳಗೇ ಹಾದಿರುತ್ತದೆ. ಒಂದು ಕಿಡಿ ಸಾಕು. ಆದ್ದರಿಂದ ಮೊದಲು ಬ್ಯಾಟರಿ ಬಿಡಿಸಿ, ಟ್ಯಾಂಕು ಇಳಿಸಿ ದೂರ ಇಡಿ.

ಬ್ಯಾಟರಿ ಬಿಡಿಸುವಾಗ ಒಂದು ನೋಡಿಕೊಳ್ಳಿ. ಈಗಿನ ಗಾಡಿಯಲ್ಲಿ ಮೈನಸ್ ವೈರು ಚಾಸಿಗೆ ಹೋಗುತ್ತದೆ. ಕೆಲವು ಹಳೆಯ ಗಾಡಿಗಳಲ್ಲಿ ಪ್ಲಸ್ ವೈರು ಹೋಗುತ್ತಿತ್ತು. ನಿಮ್ಮದರಲ್ಲಿ ಹೇಗಿದೆಯೋ ಬರೆದಿಡಿ.

ಒಂದು ವೈರು ಬಿಚ್ಚಿದರೆ ಒಂದು ಚೀಟಿ ಅಂಟಿಸಿ. 'ಹಾರನ್', 'ಹಿಂದಿನ ದೀಪ' ಎಂದು ಬರೆಯಿರಿ. ಬಣ್ಣ ನಂಬಬೇಡಿ. ಹಿಂದಿನ ಮೆಕ್ಯಾನಿಕ್ ಕೈಗೆ ಸಿಕ್ಕ ಬಣ್ಣದ ವೈರು ಹಾಕಿರುತ್ತಾನೆ.

ಈ ಗಾಡಿ 6 ವೋಲ್ಟಿನದು. ಈಗಿನವು 12 ವೋಲ್ಟಿನವು. 35 ವ್ಯಾಟಿನ ಬಲ್ಬು 12 ವೋಲ್ಟಿನಲ್ಲಿ ಸುಮಾರು 3 ಆಂಪಿಯರ್ ಕರೆಂಟು ಎಳೆಯುತ್ತದೆ. 6 ವೋಲ್ಟಿನಲ್ಲಿ ಸುಮಾರು 6 ಆಂಪಿಯರ್. ಕರೆಂಟು ಎರಡು ಪಟ್ಟು, ಅದಕ್ಕೇ ವೈರೂ ದಪ್ಪ ಬೇಕು. ತೆಳ್ಳಗಿನದು ಹಾಕಿದರೆ ದೀಪ ಮಂಕು, ವೈರು ಬಿಸಿ. ಫ್ಯೂಸ್ ಬದಲು ತಾಮ್ರದ ಎಳೆ ಸುತ್ತುವ ಚಾಳಿ ನಮ್ಮಲ್ಲಿ ಇದೆ. ಅದನ್ನು ಮಾತ್ರ ಮಾಡಬೇಡಿ.

ಎಲ್ಲಾ ಸರಿ ಇದ್ದೂ ದೀಪ ಹತ್ತದಿದ್ದರೆ ಅರ್ತ್ ನೋಡಿ. ಅರ್ತ್ ವೈರು ಕೂಡುವ ಜಾಗದಲ್ಲಿ ತುಕ್ಕು, ಬಣ್ಣ ಇದ್ದರೆ ಕರೆಂಟು ಹರಿಯದು. ಅಷ್ಟು ಜಾಗ ಮಾತ್ರ ಕೆರೆದು ಬಿಗಿ ಮಾಡಿ. ಅಣ್ಣನ ಗಾಡಿಯಲ್ಲಿ ಅದೇ ಆಗಿತ್ತು.

ಈಗ ದೀಪ ಹತ್ತುತ್ತದೆ. ಹಾರನ್ ಇನ್ನೂ ಕೂಗಿಲ್ಲ. ಗುಜರಿಯವನು ಎರಡು ಸಲ ಬಂದು ಹೋದ.