ಮಕ್ಕಳ ಕುಸ್ತಿಯೂ ಹಿರಿಯರ ಕೂಗೂ

ಮಕ್ಕಳ ಕುಸ್ತಿ ಪಂದ್ಯಗಳನ್ನು ನೋಡಲು ಹೋದಾಗ ನಮ್ಮ ಕಣ್ಣು ಕಣವನ್ನು ಬಿಟ್ಟು ಅದರ ಸುತ್ತಲೂ ಕುಳಿತವರ ಕಡೆಗೆ ಹರಿಯುವುದುಂಟು. ಒಳಗೆ ಸೆಣಸುವವರು ಹನ್ನೆರಡು ಹದಿಮೂರು ವರ್ಷದ ಹುಡುಗರು. ಹೊರಗೆ ಕುಳಿತು ಬೆವರುವವರು ಅವರ ತಂದೆ, ಸೋದರಮಾವ, ಉಸ್ತಾದರು. ಹುಡುಗರು ಬಹುಮಟ್ಟಿಗೆ ತೀರ್ಪಿಗೆ ತಲೆಬಾಗುತ್ತಾರೆ. ಹಿರಿಯರದೇ ಕಷ್ಟ. ತಾಯಂದಿರನ್ನು ಈ ಪಟ್ಟಿಯಿಂದ ಬಿಟ್ಟೆವೆಂದು ಯಾರೂ ಸಂತೋಷಪಡಬೇಕಾಗಿಲ್ಲ. ಹೆಣ್ಣುಮಕ್ಕಳೂ ಕಣಕ್ಕಿಳಿದ ಮೇಲೆ ಅವರ ಕಂಠವೂ ಸಣ್ಣದಲ್ಲವೆಂಬುದು ಗೊತ್ತಾಗಿದೆ.

ಈ ಕೂಗಾಟಕ್ಕೆಲ್ಲ ದುಷ್ಟಬುದ್ಧಿಯೇ ಕಾರಣವೆಂದು ನಾವು ಹೇಳಲಾರೆವು. ನಮ್ಮ ಜನರು ನಾಡಕುಸ್ತಿಯನ್ನು ನೋಡಿ ಬೆಳೆದವರು. ಮೈಸೂರಿನ ದಸರಾ ಕುಸ್ತಿಗೆ ಮೊದಲು ನಾಲ್ಕು ಜನರ ಎದುರಿಗೇ ಜೋಡಿ ಕಟ್ಟುತ್ತಾರೆ. ಇವನಿಗೆ ಅವನು ಸರಿಯೇ ಎಂಬ ತಕರಾರು ಅಲ್ಲಿಯೇ ಮುಗಿಯುತ್ತದೆ. ಮಟ್ಟಿಗೆ ಇಳಿದ ಮೇಲೆ ಉಳಿಯುವುದು ಒಂದೇ ಪ್ರಶ್ನೆ: ಯಾರ ಬೆನ್ನು ನೆಲಕ್ಕೆ ತಗುಲಿತು? ಚಿತ್ ಆದದ್ದು ಕಟ್ಟೆಯ ತುದಿಯಲ್ಲಿ ಕುಳಿತ ಮುದುಕನಿಗೂ ಕಾಣುತ್ತದೆ, ಬೆನ್ನಿಗೆ ಹತ್ತಿದ ಕೆಮ್ಮಣ್ಣೇ ಸಾಕ್ಷಿ.

ಚಾಪೆಯ ಮೇಲಿನ ಪಾಯಿಂಟ್ ಕುಸ್ತಿ ಹಾಗಲ್ಲ. ಒಂಬತ್ತು ಮೀಟರು ಅಡ್ಡಳತೆಯ ವೃತ್ತದ ಹೊರಗೆ ಕಾಲು ತಗುಲಿದರೆ ಎದುರಾಳಿಗೆ ಒಂದು ಅಂಕ. ಹಿಡಿದು ಕೆಡವಿ ಹಿಂದಕ್ಕೆ ಸೇರಿದರೆ ಎರಡು. ನಿಂತಲ್ಲಿಂದ ಎತ್ತಿ ಬೆನ್ನು ಅಪಾಯಕ್ಕೆ ತಿರುಗುವಂತೆ ಎಸೆದರೆ ನಾಲ್ಕು. ಮುಕ್ತ ಶೈಲಿಯಲ್ಲಿ ಹತ್ತು ಅಂಕಗಳ ಅಂತರ ಬಿದ್ದರೆ, ಬೆನ್ನು ನೆಲ ಮುಟ್ಟದಿದ್ದರೂ ಕುಸ್ತಿ ಮುಗಿಯಿತು. ಎಳೆಯರಿಗೆ ಇದೆಲ್ಲವೂ ಎರಡೆರಡು ನಿಮಿಷದ ಎರಡು ಸುತ್ತುಗಳಲ್ಲಿ ನಡೆದುಹೋಗುತ್ತದೆ. ತೀರ್ಪುಗಾರನ ಒಂದು ಮಣಿಕಟ್ಟಿನಲ್ಲಿ ಕೆಂಪು ಪಟ್ಟಿ, ಇನ್ನೊಂದರಲ್ಲಿ ನೀಲಿ ಪಟ್ಟಿ. ಯಾವ ಬಣ್ಣದ ಕೈ ಮೇಲೆದ್ದಿತು, ಎಷ್ಟು ಬೆರಳು ಬಿಡಿಸಿತು ಎಂಬುದನ್ನು ಅರಿಯದ ತಂದೆಗೆ ಕಾಣುವುದು ಇಷ್ಟೇ: ತನ್ನ ಮಗ ಬೀಳಲಿಲ್ಲ, ಆದರೂ ಸೋತನು! ಇದನ್ನು ಅವನು ಮೋಸವೆಂದು ಕರೆದರೆ ಆಶ್ಚರ್ಯವೇನು?

ಆದರೆ ತೀರ್ಪು ಆ ಒಬ್ಬನದಲ್ಲವೆಂಬುದನ್ನು ಮನೆಯವರು ತಿಳಿದಿರಬೇಕು. ಚಾಪೆಯ ಮೇಲೆ ಒಬ್ಬನು, ಅಂಚಿನಲ್ಲಿ ಅಂಕ ಬರೆಯುವವನೊಬ್ಬನು, ಇವರಿಬ್ಬರ ಮೇಲೆ ಅಧ್ಯಕ್ಷನೊಬ್ಬನು. ಮೂವರಲ್ಲಿ ಇಬ್ಬರು ಒಪ್ಪಿದ್ದೇ ಅಂಕ. ಇವರಲ್ಲಿ ಅನೇಕರು ಒಂದು ಕಾಲಕ್ಕೆ ತಾವೇ ಲಂಗೋಟಿ ಬಿಗಿದವರು. ಅವರೂ ತಪ್ಪುತ್ತಾರೆ, ಇಲ್ಲವೆನ್ನುವುದಿಲ್ಲ.

ತಪ್ಪಿದಾಗ ಕೇಳುವ ಹಕ್ಕು ತರಬೇತುದಾರನಿಗೆ ಮಾತ್ರ ಉಂಟು, ಪ್ರೇಕ್ಷಕರ ಸಾಲಿಗೆ ಇಲ್ಲ. ಆ ಹಕ್ಕನ್ನು ಮೀರಿದವರ ಕಥೆ ದೊಡ್ಡ ಕಣಗಳಲ್ಲಿಯೇ ನಡೆದಿದೆ. 2016ರ ರಿಯೋ ಒಲಿಂಪಿಕ್ಸಿನಲ್ಲಿ ಮಂಗೋಲಿಯಾದ ಇಬ್ಬರು ತರಬೇತುದಾರರು ತೀರ್ಪನ್ನು ವಿರೋಧಿಸಿ ಚಾಪೆಯ ಮೇಲೆಯೇ ಬಟ್ಟೆ ಕಳಚಿದರು. 2021ರಲ್ಲಿ ಟೋಕಿಯೋದಲ್ಲಿ ನಮ್ಮ ದೀಪಕ್ ಪುನಿಯಾ ಕಂಚಿನ ಪದಕದ ಪಂದ್ಯದಲ್ಲಿ ಸೋತಾಗ, ಅವರ ವಿದೇಶೀ ತರಬೇತುದಾರರು ತೀರ್ಪುಗಾರನ ಮೇಲೆ ಕೈಮಾಡಿ ಕ್ರೀಡಾಕೂಟದಿಂದಲೇ ಹೊರಬಿದ್ದರು. ಎರಡೂ ಕಡೆ ಫಲಿತಾಂಶ ಮಾತ್ರ ಬದಲಾಗಲಿಲ್ಲ.

ಕ್ರಮವಾದ ದಾರಿ ಬಹಳ ಸುಲಭವಾದದ್ದು. ಕ್ಯಾಮೆರಾ ಇಟ್ಟ ಪಂದ್ಯಗಳಲ್ಲಿ ತರಬೇತುದಾರನು ಒಂದು ಮೆತ್ತನೆಯ ಸ್ಪಂಜನ್ನು ಚಾಪೆಯ ಮೇಲಕ್ಕೆ ಎಸೆದರೆ ಸಾಕು, ಚಿತ್ರವನ್ನು ಮರಳಿ ನೋಡುತ್ತಾರೆ. ಆಕ್ಷೇಪ ಸುಳ್ಳಾದರೆ ಎದುರಾಳಿಗೆ ಒಂದು ಅಂಕ ಹೋಗುತ್ತದೆ. ಇದರಲ್ಲಿ ನಮಗೆ ಅತ್ಯಂತ ಮೆಚ್ಚುಗೆಯಾದ ನಿಯಮವೊಂದಿದೆ: ಕುಸ್ತಿಯಾಡುವವನು ಒಪ್ಪದಿದ್ದರೆ ಆ ಆಕ್ಷೇಪವು ನಿಲ್ಲುವುದಿಲ್ಲ. ಉಸ್ತಾದರು ಎಷ್ಟೇ ದೊಡ್ಡವರಾದರೂ ಕೊನೆಯ ಮಾತು ಆ ಹುಡುಗನದು.

ಇದನ್ನು ನಾವು ಕಣ್ಣಾರೆ ಕಂಡೆವು. ಊರಿನ ಹೆಸರು ಬೇಡ. ಎರಡನೆಯ ಸುತ್ತು, ಅಂಕಗಳು ಸಮಸಮ. ಇಬ್ಬರು ಹುಡುಗರೂ ತೆಕ್ಕೆಬಿದ್ದು ಅಂಚಿಗೆ ಬಂದರು. ತೀರ್ಪುಗಾರನ ನೀಲಿ ಕೈ ಒಂದು ಬೆರಳು ತೋರಿಸಿತು. ಕೆಂಪು ಉಡುಪಿನ ಹುಡುಗನ ತಂದೆಯು ಬೇಲಿಯ ಮೇಲೆ ಬಾಗಿ, “ಉಸ್ತಾದರೇ, ಎಸೆಯಿರಿ! ಮೋಸ, ಶುದ್ಧ ಮೋಸ!” ಎಂದು ಕಿರುಚಿದನು. ಸುತ್ತಲಿನ ಹತ್ತು ಮಂದಿ ದನಿಗೂಡಿಸಿದರು. ಉಸ್ತಾದರು ಒಂದು ಕ್ಷಣ ತಡೆದರು, ಆಮೇಲೆ ಎಸೆದುಬಿಟ್ಟರು.

ಹುಡುಗನು ಸ್ಪಂಜನ್ನು ಎತ್ತಿಕೊಂಡು ಮೂಲೆಗೆ ಬಂದು ಅವರ ಕೈಯಲ್ಲಿಟ್ಟು, “ಬೇಡ ಉಸ್ತಾದ್, ಹಿಮ್ಮಡಿ ಹೊರಗೆ ಹೋಗಿತ್ತು” ಎಂದನು. ಉಸ್ತಾದರು ಏನೂ ಹೇಳದೆ ಅವನ ಭುಜ ತಟ್ಟಿ ಹಿಂದಕ್ಕೆ ಕಳುಹಿಸಿದರು. ಉಳಿದ ಸಮಯದಲ್ಲಿ ಅವನು ಎರಡು ಸಲ ಕಾಲಿಗೆ ನುಗ್ಗಿದರೂ ಪಟ್ಟು ಕೂಡಲಿಲ್ಲ. ಆ ಒಂದು ಅಂಕದಿಂದಲೇ ಸೋತನು.

ಗೆದ್ದವನ ಕೈಯನ್ನು ಎತ್ತಿದ ಮೇಲೆ ಅವನು ತೀರ್ಪುಗಾರನ ಕೈಕುಲುಕಿ, ಎದುರಾಳಿಯ ಉಸ್ತಾದರ ಬಳಿಗೂ ಹೋಗಿ ಕೈಕೊಟ್ಟು ಬಂದನು. ತಂದೆಯು ಟವಲನ್ನೂ ನೀರಿನ ಬಾಟಲಿಯನ್ನೂ ಹಿಡಿದು ಬೇಲಿಯ ಬಳಿ ನಿಂತೇ ಇದ್ದನು. ಮಗನು ಹತ್ತಿರ ಬಂದಾಗ, “ಯಾವ ಹಿಮ್ಮಡಿ?” ಎಂದಷ್ಟೇ ಕೇಳಿದನು. ಹುಡುಗನು ನೀರು ಕುಡಿಯುತ್ತಲೇ ಎಡಗಾಲನ್ನು ಮುಂದಕ್ಕೆ ಚಾಚಿ ತೋರಿಸಿದನು.